ನಮ್ಮ ವಸಂತದಲ್ಲಿ ಗುಲಾಬಿ: ಕತ್ತರಿ ಕೆಳಗಿಡಿ, ನೀರಿನ ಲೆಕ್ಕ ಹಿಡಿಯಿರಿ

2024ರ ಮಾರ್ಚ್ ಮೊದಲ ವಾರ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನನ್ನ ಆರು ಗುಲಾಬಿ ಕುಂಡಗಳಿದ್ದವು. 'ವಸಂತ ಬಂತು, ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಗೊಬ್ಬರ ಕೊಡಿ, ಧಾರಾಳವಾಗಿ ನೀರು ಹಾಕಿ' ಅಂತ ಒಂದು ವಿಡಿಯೊ ನೋಡಿದ್ದೆ. ಅದು ಇಂಗ್ಲೆಂಡಿನ ತೋಟದ ವಿಡಿಯೊ ಅನ್ನೋದರ ಕಡೆ ಗಮನವೇ ಹೋಗಿರಲಿಲ್ಲ. ಹೇಳಿದಂತೆ ಕತ್ತರಿಸಿದೆ, ಗೊಬ್ಬರ ಹಾಕಿದೆ. ಹತ್ತು ದಿನಕ್ಕೆ ಕೆಂಪು ಚಿಗುರು ಬಂತು, ಖುಷಿಯಾಯ್ತು. ಇನ್ನೊಂದು ವಾರಕ್ಕೆ ಆ ಚಿಗುರೆಲ್ಲ ಅಂಚಿನಿಂದ ಕರಕಲಾಗತೊಡಗಿತು. ಉಳಿಸಿಕೊಳ್ಳಬೇಕು ಅಂತ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪ್ ಹಿಡಿದು ನೀರು ಬಿಡುತ್ತಿದ್ದೆ.

ಒಂದು ಸಂಜೆ ಓನರ್ ಆಂಟಿ ಮೇಲೆ ಬಂದರು. ಆ ವಾರ ನಮ್ಮ ಬಿಲ್ಡಿಂಗಿಗೆ ಟ್ಯಾಂಕರ್ ಸಿಗೋದೇ ಕಷ್ಟವಾಗಿತ್ತು. "ಏನಮ್ಮಾ, ಕೆಳಗಡೆ ಪಾತ್ರೆ ತೊಳೆಯೋಕೆ ನೀರಿಲ್ಲ, ನೀನು ಇಲ್ಲಿ ಗುಲಾಬಿಗೆ ಪೈಪ್ ಹಿಡ್ಕೊಂಡು ನಿಂತಿದ್ದೀಯಲ್ಲ!" ಅಂದರು. ಅವರು ಬೈಯಲಿಲ್ಲ, ಸುಮ್ಮನೆ ಕೇಳಿದರು ಅಷ್ಟೇ. ಉತ್ತರ ನನ್ನ ಹತ್ತಿರ ಇರಲಿಲ್ಲ. ಏಪ್ರಿಲ್ ಮುಗಿಯೋ ಹೊತ್ತಿಗೆ ಆರರಲ್ಲಿ ಎರಡು ಗಿಡ ಸತ್ತಿದ್ದವು.

ಆಮೇಲೆ ಗುಲಾಬಿ ಬಗ್ಗೆ ಓದಿದ್ದು, ಕೇಳಿದ್ದು, ನನ್ನ ಉಳಿದ ಗಿಡಗಳೇ ಕಲಿಸಿದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಒಂದು ಸಾಲಿನಲ್ಲಿ ಹೇಳೋದಾದ್ರೆ ವಿಷಯ ಇಷ್ಟು: ತಣ್ಣನೆಯ ದೇಶಗಳಲ್ಲಿ ವಸಂತ ಅಂದ್ರೆ ಗುಲಾಬಿ ಎಚ್ಚರಗೊಳ್ಳುವ ಕಾಲ, ನಮ್ಮಲ್ಲಿ ಅದು ಗುಲಾಬಿ ಬೇಸಿಗೆಯನ್ನು ದಾಟಿ ಬದುಕಬೇಕಾದ ಕಾಲ. ಇದೊಂದು ವ್ಯತ್ಯಾಸ ಗೊತ್ತಾದರೆ ಕತ್ತರಿ, ಗೊಬ್ಬರ, ನೀರು, ಔಷಧಿ ಎಲ್ಲದರ ಲೆಕ್ಕವೂ ಬದಲಾಗುತ್ತೆ.

ಈ ವಸಂತ ಯಾರದ್ದು?

ಇಂಗ್ಲೆಂಡಿನಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ ಗುಲಾಬಿ ಕತ್ತರಿಸುತ್ತಾರೆ. ಅದಕ್ಕೆ ಕಾರಣ ಇದೆ. ಅಲ್ಲಿ ಚಳಿಗಾಲದಲ್ಲಿ ಗಿಡ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ, ಕಾಂಡ ಮತ್ತು ಬೇರಿನಲ್ಲಿ ಆಹಾರ ಕೂಡಿಟ್ಟುಕೊಂಡಿರುತ್ತದೆ. ಕತ್ತರಿಸಿದ ಮೇಲೆ ಬರೋದು ಹದವಾದ ಬಿಸಿಲು, ಉದ್ದದ ಹಗಲು, ಆಗಾಗ ಮಳೆ. ಕೂಡಿಟ್ಟಿದ್ದನ್ನೆಲ್ಲ ಖರ್ಚು ಮಾಡಿ ಚಿಗುರಲು ಅದು ಸರಿಯಾದ ಸಮಯ.

ದೆಹಲಿಯಲ್ಲೇ ಈ ಲೆಕ್ಕ ಬೇರೆ. ಅಲ್ಲಿ ಮಳೆಗಾಲ ಮುಗಿದು ಅಕ್ಟೋಬರ್ ಮಧ್ಯದ ಸುಮಾರಿಗೆ ಕತ್ತರಿಸುತ್ತಾರೆ. ಚಳಿಗಾಲದಲ್ಲಿ ಒಂದು ಸುತ್ತು, ಫೆಬ್ರವರಿ–ಮಾರ್ಚ್‌ನಲ್ಲಿ ಇನ್ನೊಂದು ಸುತ್ತು ಹೂವು. ರಾಷ್ಟ್ರಪತಿ ಭವನದ ಉದ್ಯಾನವನ್ನು ಜನರಿಗೆ ತೆರೆಯೋದು ಆ ಹೊತ್ತಿಗೇ. 2023ರಲ್ಲಿ 'ಮೊಘಲ್ ಗಾರ್ಡನ್ಸ್' ಹೋಗಿ 'ಅಮೃತ್ ಉದ್ಯಾನ್' ಆಯ್ತು. ಹೆಸರು ಬದಲಾದರೂ ಅಲ್ಲಿನ ಗುಲಾಬಿಗಳು ಹವಾಮಾನದ ಮಾತನ್ನೇ ಕೇಳುತ್ತಿವೆ.

ಬೆಂಗಳೂರು, ಮೈಸೂರು, ಕೋಲಾರದ ಕಡೆ ಗುಲಾಬಿ ನಿಜವಾಗಿ ಮಲಗೋದೇ ಇಲ್ಲ. ಹಿಮ ಇಲ್ಲ, ಎಲೆಯೆಲ್ಲ ಉದುರುವ ಚಳಿ ಇಲ್ಲ. ಇದರಲ್ಲಿ ಗುಲಾಬಿಯ ಇತಿಹಾಸದ ಪಾತ್ರವೂ ಇದೆ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿದ್ದವು. ಮತ್ತೆ ಮತ್ತೆ ಹೂ ಬಿಡುವ ಗುಣ ಬಂದದ್ದು ಚೀನಾದ ತೋಟದ ಗುಲಾಬಿಗಳಿಂದ. 18ನೇ ಶತಮಾನದ ಕೊನೆಯ ಸುಮಾರಿಗೆ ಇವು ಯುರೋಪು ತಲುಪಿದವು. ಕಲ್ಕತ್ತಾದ ಮೂಲಕವೂ ಹೋದ ಕಾರಣ ಅಲ್ಲಿನವರು ಇವುಗಳನ್ನು 'ಬಂಗಾಳ ಗುಲಾಬಿ' ಅಂತಲೇ ಕರೆದರು. ನಾವು ಇವತ್ತು ನರ್ಸರಿಯಲ್ಲಿ ಕೊಳ್ಳುವ ದೊಡ್ಡ ಹೂವಿನ 'ಹೈಬ್ರಿಡ್ ಟೀ' ಗುಲಾಬಿಗಳು ಆ ಬೆರಕೆಯ ಮೊಮ್ಮಕ್ಕಳು. ಅಂದ್ರೆ ಹೂ ಬಿಡಲು ವಸಂತವೇ ಬೇಕು ಅನ್ನೋ ಹಟ ಇವಕ್ಕಿಲ್ಲ. ನೀರು, ಬೆಳಕು, ಹದವಾದ ಬಿಸಿ ಸಿಕ್ಕರೆ ಯಾವಾಗ ಬೇಕಾದರೂ ಹೂ ಬಿಡುತ್ತವೆ.

ಮಾರ್ಚ್‌ನಲ್ಲಿ ಕತ್ತರಿಸಿದರೆ ಆಗೋದೇನು?

ಕತ್ತರಿಸಿದ ಕೂಡಲೇ ಗಿಡ ತನ್ನ ಉಳಿತಾಯ ತೆಗೆದು ಚಿಗುರಿಗೆ ಹಾಕುತ್ತದೆ. ಎಳೆ ಎಲೆಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಅಷ್ಟು ದಿನ ಎಲೆಗಳ ನೆರಳಿನಲ್ಲಿದ್ದ ಕಾಂಡದ ಸಿಪ್ಪೆಗೆ ನೇರ ಬಿಸಿಲು ಬೀಳುತ್ತದೆ. ಕೆಳಗೆ ಕಾದ ಸಿಮೆಂಟ್ ತಾರಸಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡ, ಒಳಗೆ ಬೇಯುತ್ತಿರುವ ಬೇರು. ಬೇರು ಸೋತಾಗ ಮೇಲಿನ ಚಿಗುರಿಗೆ ನೀರು ತಲುಪುವುದಿಲ್ಲ. ನಾವು ಇನ್ನಷ್ಟು ನೀರು ಸುರಿಯುತ್ತೇವೆ, ಹೋದ ಬೇರು ಕೊಳೆಯುತ್ತದೆ. ನನ್ನ ಎರಡು ಗಿಡ ಸತ್ತದ್ದು ಹೀಗೇ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯ್ತು. ತಾರಸಿಯ ನೆಲ ಅದಕ್ಕಿಂತ ಎಷ್ಟು ಬಿಸಿ ಇತ್ತು ಅನ್ನೋದನ್ನ ಬರಿಗಾಲಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ.

ಗೊಬ್ಬರದ್ದೂ ಇದೇ ಕತೆ. ರಾಸಾಯನಿಕ ಗೊಬ್ಬರ ಅಂದ್ರೆ ಮೂಲತಃ ಲವಣ. ಕುಂಡದ ಮಣ್ಣು ಒಣಗಿದಂತೆ ಆ ಲವಣ ಗಟ್ಟಿಯಾಗಿ ಬೇರನ್ನು ಸುಡುತ್ತದೆ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದೇ ಗುರುತು.

ಹಾಗಾದ್ರೆ ದೊಡ್ಡ ಕತ್ತರಿ ಕೆಲಸ ಯಾವಾಗ? ನಮ್ಮ ಕಡೆ ರೂಢಿಯಲ್ಲಿರೋದು ವರ್ಷಕ್ಕೆ ಎರಡು ಸಲ: ಮುಂಗಾರು ಹಿಡಿಯುವ ಜೂನ್ ಸುಮಾರಿಗೆ ಹಗುರವಾಗಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್–ನವೆಂಬರ್‌ನಲ್ಲಿ ಸರಿಯಾಗಿ ಒಮ್ಮೆ. ಕತ್ತರಿಸಿದ ಆರೇಳು ವಾರಕ್ಕೆ ಹೂ ಬರುತ್ತದೆ. ಗೊಬ್ಬರದ ದೊಡ್ಡ ಊಟವೂ ಆಗಲೇ.

ಈಗ ಮಾಡಬೇಕಾದ್ದು ಇಷ್ಟೇ

ಯುಗಾದಿಯ ಹಿಂದುಮುಂದು ಕತ್ತರಿ ಕೈಗೆ ತೆಗೆದುಕೊಂಡರೆ ಮೂರು ಕೆಲಸಕ್ಕೆ ಮಾತ್ರ ತಗೊಳ್ಳಿ.

ಒಂದು, ಬಾಡಿದ ಹೂ ತೆಗೆಯೋದು. ಹೂವಿನ ಕೆಳಗೆ ಐದು ಎಲೆಗಳ ಮೊದಲ ಗೊಂಚಲು ಎಲ್ಲಿದೆ ನೋಡಿ, ಅದರ ಸ್ವಲ್ಪ ಮೇಲೆ ಕತ್ತರಿಸಿ. ಉದ್ದ ಕಡ್ಡಿ ಬೇಡ. ಬೇಸಿಗೆಯಲ್ಲಿ ಒಂದೊಂದು ಎಲೆಯೂ ಕಾಂಡಕ್ಕೆ ಕೊಡೆ.

ಎರಡು, ಒಣಗಿದ ಕಡ್ಡಿ. ಗುಲಾಬಿಯಲ್ಲಿ ಕಡ್ಡಿ ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುವ ರೋಗ ಇದೆ, 'ಡೈಬ್ಯಾಕ್' ಅಂತಾರೆ. ಕಪ್ಪು ಭಾಗ ಮುಗಿದು ಹಸಿರು ಶುರುವಾದ ಮೇಲೆ ಅರ್ಧ ಇಂಚು ಕೆಳಗೆ ಕತ್ತರಿಸಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಮೂರು, ಕಸಿ ಗಂಟಿನ ಕೆಳಗಿಂದ ಬರುವ ಚಿಗುರು. ನರ್ಸರಿ ಗುಲಾಬಿ ಸಾಮಾನ್ಯವಾಗಿ ಕಾಡು ಬೇರಿನ ಮೇಲೆ ಕಸಿ ಕಟ್ಟಿದ್ದು. ಗಂಟಿನ ಕೆಳಗಿನ ಚಿಗುರು ಆ ಬೇರಿನದು, ಅದನ್ನು ಬುಡಸಮೇತ ಕಿತ್ತುಬಿಡಿ. ಗಂಟಿನ ಮೇಲಿಂದ ದಪ್ಪಗೆ, ಕೆಂಪಗೆ ಎದ್ದು ಬರುವ ಚಿಗುರನ್ನು ಮುಟ್ಟಬೇಡಿ. ಮುಂದಿನ ವರ್ಷದ ಗಿಡ ಅದೇ.

ಗೊಬ್ಬರ ಅಂತ ಏನಾದ್ರೂ ಕೊಡಲೇಬೇಕು ಅನ್ನಿಸಿದರೆ ತಿಂಗಳಿಗೆ ಒಂದು ಹಿಡಿ ಚೆನ್ನಾಗಿ ಕಳಿತ ಕಾಂಪೋಸ್ಟ್ ಸಾಕು. ಕುಂಡಗಳನ್ನು ನೆಲದಿಂದ ಎತ್ತಿ ಎರಡು ಇಟ್ಟಿಗೆಯ ಮೇಲಿಡಿ, ಒಂದಕ್ಕೊಂದು ಒತ್ತಾಗಿ ಜೋಡಿಸಿ. ಬೆಳಗಿನ ಬಿಸಿಲು ಸಿಕ್ಕು, ಮಧ್ಯಾಹ್ನ ಎರಡರ ಮೇಲೆ ನೆರಳು ಬೀಳುವ ಜಾಗ ಒಳ್ಳೆಯದು. ಅಂಥ ಜಾಗ ಇಲ್ಲ ಅಂದ್ರೆ ಹಳೇ ಹತ್ತಿ ಸೀರೆ ಕಟ್ಟಿದರೂ ನಡೆಯುತ್ತೆ. ಕೆಲವು ಮೊಗ್ಗುಗಳನ್ನು ಚಿವುಟಿಬಿಡಿ ಅಂದ್ರೆ ಬೇಜಾರಾಗಬಹುದು, ಆದ್ರೆ ಏಪ್ರಿಲ್ ಹೂವು ಹೇಗೂ ಚಿಕ್ಕದಾಗಿ ಬಂದು ಒಂದೇ ದಿನಕ್ಕೆ ಬಾಡುತ್ತದೆ. ಆ ಶಕ್ತಿ ಗಿಡದಲ್ಲೇ ಉಳಿಯಲಿ.

ಎಷ್ಟು ನೀರು, ಯಾವ ನೀರು

ಬೆರಳನ್ನು ಮಣ್ಣಿನೊಳಗೆ ಎರಡು ಇಂಚು ಇಳಿಸಿ. ಅಲ್ಲಿ ತೇವ ಇದ್ದರೆ ಇವತ್ತು ನೀರು ಬೇಡ. ಇಲ್ಲದಿದ್ದರೆ ಬೆಳಗ್ಗೆ ಬುಡಕ್ಕೆ ನಿಧಾನವಾಗಿ, ಕೆಳಗಿನ ತೂತಿಂದ ಹನಿ ಬರುವ ತನಕ ಹಾಕಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿದು ಮೊದಲ ಬಿಸಿಲಿಗೇ ಸಾಯುತ್ತದೆ.

ನೀರು ಉಳಿಸುವ ದೊಡ್ಡ ಉಪಾಯ ಮುಚ್ಚಿಗೆ. ಮಣ್ಣಿನ ಮೇಲೆ ಎರಡು ಇಂಚು ಒಣಗಿದ ಎಲೆಯನ್ನೋ ತೆಂಗಿನ ನಾರನ್ನೋ ಹರಡಿ. ಮಾರ್ಚ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಒಣಗಿದ ಎಲೆಗೆ ಬರ ಇಲ್ಲ. ಪೌರಕಾರ್ಮಿಕರು ಗುಡಿಸಿ ಗುಡ್ಡೆ ಹಾಕಿದ್ದನ್ನು ಕೇಳಿ ಒಂದು ಚೀಲ ತಂದರೆ ಎರಡು ತಿಂಗಳಿಗೆ ಸಾಕು. ಮುಚ್ಚಿಗೆ ಹಾಕಿದ ಮೇಲೆ ನಾನು ಎರಡು ಹೊತ್ತು ಹಾಕುತ್ತಿದ್ದ ನೀರು ದಿನಕ್ಕೊಮ್ಮೆಗೆ, ಕೆಲವೊಮ್ಮೆ ಎರಡು ದಿನಕ್ಕೊಮ್ಮೆಗೆ ಇಳಿಯಿತು.

ಇನ್ನು ಯಾವ ನೀರು ಅನ್ನೋದು. ಅಕ್ಕಚ್ಚು, ತರಕಾರಿ ತೊಳೆದ ನೀರು ಗುಲಾಬಿಗೆ ಒಳ್ಳೆಯದು, ಉಪ್ಪು ಮಾತ್ರ ಇರಬಾರದು. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇರೋದಿಲ್ಲ, ಧೈರ್ಯವಾಗಿ ಬಳಸಿ. ಆದರೆ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಗುಲಾಬಿಗೆ ಹಾಕಬೇಡಿ. ಬೋರ್‌ವೆಲ್ ನೀರಿನ ಲವಣವನ್ನೆಲ್ಲ ಸೋಸಿ ಹೊರಹಾಕಿದ ನೀರು ಅದು. ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಇರಲಿ. ಗುಲಾಬಿ ಉಪ್ಪನ್ನು ತಡೆದುಕೊಳ್ಳುವ ಗಿಡ ಅಲ್ಲ. ಬಟ್ಟೆ ಒಗೆದ ಡಿಟರ್ಜೆಂಟ್ ನೀರೂ ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ. ಗಡಸು ನೀರು ತುಂಬಾ ದಿನ ಹಾಕಿದರೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಸಾಮಾನ್ಯವಾಗಿ ಮಣ್ಣಿನಲ್ಲಿ ಕಬ್ಬಿಣ ಇರುತ್ತೆ, ಕ್ಷಾರ ಜಾಸ್ತಿಯಾದ್ದರಿಂದ ಬೇರಿಗೆ ಸಿಗೋದಿಲ್ಲ ಅಷ್ಟೇ. ಮೊದಲ ಮಳೆಗೆ ಕುಂಡವನ್ನು ಹೊರಗಿಟ್ಟು ಚೆನ್ನಾಗಿ ತೋಯಲು ಬಿಡಿ, ಕೂತಿರುವ ಲವಣ ತೊಳೆದು ಹೋಗುತ್ತೆ.

ಓನರ್ ಆಂಟಿಯ ಪ್ರಶ್ನೆ

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಲಾಗಿತ್ತು. ಮರುವರ್ಷ ಬೇಸಿಗೆ ಶುರುವಾಗುವಷ್ಟರಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತು. ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ, ಕಟ್ಟಡ ಕೆಲಸಕ್ಕೆ ಬಳಸೋದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಅಂದ್ರೆ ಇದು ಒಂದು ವರ್ಷದ ಆಪತ್ತಲ್ಲ, ಪ್ರತಿ ವಸಂತದ ಪ್ರಶ್ನೆ.

ಈ ನಿಯಮ ಸರಿ ಅಂತಲೇ ನನ್ನ ಅಭಿಪ್ರಾಯ. ನಮ್ಮ ನಲ್ಲಿಗೆ ಬರುವ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ, ಎತ್ತರಕ್ಕೆ ಏರಿಸಿ, ಶುದ್ಧ ಮಾಡಿ ತರಲಾಗುತ್ತದೆ. ಮಂಡ್ಯದ ರೈತರೂ ತಮ್ಮ ಗದ್ದೆಗೆ ಕೇಳುವ ನೀರು ಅದು. ಅದನ್ನು ನನ್ನ ಗುಲಾಬಿಗೆ ಪೈಪಿನಲ್ಲಿ ಬಿಡೋದಕ್ಕೆ ಸಮರ್ಥನೆ ಇಲ್ಲ. ಹಾಗಂತ ಆ ಆದೇಶ ತೋಟವನ್ನೇ ನಿಷೇಧಿಸಿಲ್ಲ, ತೋಟಕ್ಕೆ ಕುಡಿಯುವ ನೀರನ್ನು ಬಳಸೋದನ್ನು ನಿಷೇಧಿಸಿದೆ.

ಈಗ ಒಂದು ಲೆಕ್ಕ ನೋಡಿ. ನನ್ನ ಒಂದು ಕುಂಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಅಂತಿಟ್ಟುಕೊಂಡರೂ ಆರು ಕುಂಡಕ್ಕೆ 9 ಲೀಟರ್, ಒಂದು ಬಕೆಟ್ಟಿಗಿಂತ ಕಡಿಮೆ. ಅಡುಗೆಮನೆಯ ಸಿಂಕಿನಿಂದ ಅಷ್ಟು ನೀರನ್ನು ಹಿಡಿದಿಡೋದು ಕಷ್ಟ ಅಲ್ಲ. ಇನ್ನೊಂದು ಕಡೆ ಸಾವಿರ ಚದರಡಿಯ ಒಂದು ಹುಲ್ಲುಹಾಸು ತಗೊಳ್ಳಿ, ಅಂದ್ರೆ ಸುಮಾರು 93 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದ್ರೆ ಒಂದು ಲೀಟರ್. ಬೇಸಿಗೆಯ ದಿನ 5 ಮಿಲಿಮೀಟರ್ ಆವಿಯಾಗುತ್ತದೆ ಅಂತ ಹಿಡಿದರೂ ಆ ಹುಲ್ಲನ್ನು ಹಸಿರಾಗಿಡಲು ದಿನಕ್ಕೆ 465 ಲೀಟರ್ ಬೇಕು. ಇದರ ಮುಂದೆ ನನ್ನ ಆರು ಕುಂಡದ ನೀರು ಐವತ್ತರಲ್ಲಿ ಒಂದು ಪಾಲು.

ನಾನು ಸಾಚಾ ಅನ್ನಿಸಿಕೊಳ್ಳೋಕೆ ಈ ಲೆಕ್ಕ ಹೇಳುತ್ತಿಲ್ಲ. ನೀರಿನ ಕೊರತೆ ಬಂದಾಗಲೆಲ್ಲ ಮಾತು ಶುರುವಾಗೋದು ಬಾಲ್ಕನಿಯ ಗಿಡ, ಬಾಗಿಲಿನ ಮುಂದಿನ ರಂಗೋಲಿ ನೀರು, ಮನೆಕೆಲಸದವರು ಪಾತ್ರೆ ತೊಳೆಯುವ ರೀತಿ ಇವುಗಳಿಂದ. ದೊಡ್ಡ ಹುಲ್ಲುಹಾಸುಗಳು ಕುಡಿಯೋದು ಯಾವ ನೀರು, ಅಪಾರ್ಟ್‌ಮೆಂಟಿನ ಎಸ್‌ಟಿಪಿ ನಿಜವಾಗಿ ನಡೆಯುತ್ತಿದೆಯಾ, ಅದರ ನೀರು ಎಲ್ಲಿಗೆ ಹೋಗುತ್ತಿದೆ ಅನ್ನೋದನ್ನು ಕೇಳೋರು ಕಡಿಮೆ. ನಿಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಈ ಪ್ರಶ್ನೆ ಕೇಳಿ. ಕೇಳೋ ಮುಂಚೆ ನಿಮ್ಮ ಗುಲಾಬಿಗೆ ಪೈಪ್ ನಿಲ್ಲಿಸಿರಿ, ಆಗ ಮಾತಿಗೆ ತೂಕ ಬರುತ್ತೆ.

ನುಸಿ ಚಿಕ್ಕದು, ಬಾಟಲಿ ದೊಡ್ಡದು

ಮಾರ್ಚ್–ಏಪ್ರಿಲ್‌ನಲ್ಲಿ ಗುಲಾಬಿಯ ಎಲೆ ಮೇಲೆ ಸೂಜಿ ಚುಚ್ಚಿದಂತೆ ಹಳದಿ ಚುಕ್ಕಿ ಬಂದು, ಆಮೇಲೆ ಎಲೆಯೆಲ್ಲ ಕಂಚಿನ ಬಣ್ಣಕ್ಕೆ ತಿರುಗುತ್ತಾ? ಎಲೆಯ ಅಡಿಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕಿಗಳು ಮೆಲ್ಲಗೆ ನಡೆದರೆ ಅದು ಕೆಂಪು ನುಸಿ. ಒಣ ಬಿಸಿ ಅಂದ್ರೆ ಇದಕ್ಕೆ ಹಬ್ಬ. 30 ಡಿಗ್ರಿಯ ಸುಮಾರಿನಲ್ಲಿ ಮೊಟ್ಟೆಯಿಂದ ಬಲಿತ ನುಸಿಯಾಗಲು ಒಂದು ವಾರ ಸಾಕು.

ಈ ನುಸಿ ಕೀಟ ಅಲ್ಲ, ಎಂಟು ಕಾಲಿನ ಜೇಡದ ಸಂಬಂಧಿ. ಅನೇಕ ಕೀಟನಾಶಕಗಳು ಇದನ್ನು ಕೊಲ್ಲೋದಿಲ್ಲ. ಬದಲಿಗೆ ಇದನ್ನು ತಿಂದು ಬದುಕುವ ಗುಲಗಂಜಿ ಹುಳ, ಬೇಟೆ ನುಸಿಗಳನ್ನು ಕೊಲ್ಲುತ್ತವೆ. ಔಷಧಿ ಹೊಡೆದ ಹತ್ತು ದಿನಕ್ಕೆ ನುಸಿ ಇನ್ನೂ ಜಾಸ್ತಿಯಾಗೋದು ಅದಕ್ಕೇ. ಆಗ ಇನ್ನೊಂದು ಬಾಟಲಿ ಕೊಳ್ಳುತ್ತೇವೆ.

ಮನೆಯ ಮಟ್ಟದಲ್ಲಿ ಮೊದಲ ಔಷಧಿ ನೀರೇ. ಬೆಳಗ್ಗೆ ಸ್ಪ್ರೇ ಬಾಟಲಿಯಲ್ಲಿ ಎಲೆಯ ಅಡಿಭಾಗಕ್ಕೆ ಜೋರಾಗಿ ಹೊಡೆಯಿರಿ, ಮೂರು ದಿನಕ್ಕೊಮ್ಮೆ, ಎರಡು ವಾರ. ತಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಕೆಲವು ಹನಿ ಸೋಪು ದ್ರಾವಣ ಬೆರೆಸಿ ಸಂಜೆ ಬಿಸಿಲಿಳಿದ ಮೇಲೆ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ತೀರಾ ಕೆಟ್ಟ ಎಲೆಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಹಾಕಿ, ಕಾಂಪೋಸ್ಟಿಗೆ ಬೇಡ.

ಇಲ್ಲೊಂದು ಗೊತ್ತಿರಬೇಕಾದ ವಿಷಯ ಇದೆ. ಗುಲಾಬಿಯ ನುಸಿಗೆ ವರ್ಷಾನುಗಟ್ಟಲೆ ಬಳಸಿದ್ದು ಡೈಕೋಫಾಲ್, ಬೂದಿರೋಗಕ್ಕೆ ಡೈನೋಕ್ಯಾಪ್. ಡೈಕೋಫಾಲ್ ತಯಾರಾಗುತ್ತಿದ್ದುದು ಡಿಡಿಟಿಯಿಂದ. 2019ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದಡಿ ನಿರ್ಮೂಲನೆಯ ಪಟ್ಟಿ ಸೇರಿತು. 2020ರ ಮೇನಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು. ಮೂರು ವರ್ಷದ ಮೇಲೆ, 2023ರ ಆದೇಶದಲ್ಲಿ ಪೂರ್ತಿ ನಿಷೇಧವಾದದ್ದು ಮೂರೇ: ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್. ಆ 27ರ ಕರಡಿನಲ್ಲಿದ್ದ ಕಾರ್ಬೆಂಡಜಿಮ್, ಮ್ಯಾಂಕೋಜೆಬ್ ಪೊಟ್ಟಣಗಳು ಈಗಲೂ ನರ್ಸರಿಯ ಕೌಂಟರಿನಲ್ಲಿ ಗುಲಾಬಿಯ ಜೊತೆಗೇ ಸಿಗುತ್ತವೆ.

ಡಬ್ಬಿ ಕೊಳ್ಳಲೇಬೇಕಾದರೆ ಲೇಬಲ್ ಮೇಲಿನ ಬಣ್ಣದ ಗುರುತು ನೋಡಿ. ಕೆಂಪು ಅಂದ್ರೆ ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಬಿಡಿಯಾಗಿ, ಲೇಬಲ್ ಇಲ್ಲದೆ ಕೊಟ್ಟದ್ದನ್ನು ತರಬೇಡಿ. ಮನೆಯಲ್ಲಿ ನಾವು ಹೊಡೆಯೋದು ಒಂದು ಸ್ಪ್ರೇ ಬಾಟಲಿ. ದೊಡ್ಡಬಳ್ಳಾಪುರ, ಹೊಸೂರು ಸುತ್ತಿನ ಪಾಲಿಹೌಸ್‌ಗಳಲ್ಲಿ ಮುಚ್ಚಿದ ಪ್ಲಾಸ್ಟಿಕ್ ಚಾವಣಿಯಡಿ ದಿನಗೂಲಿಗೆ ಇದೇ ಕೆಲಸ ಮಾಡುವವರಿದ್ದಾರೆ. ತಿನ್ನುವ ಪದಾರ್ಥದಲ್ಲಿ ಕೀಟನಾಶಕದ ಉಳಿಕೆ ಎಷ್ಟಿರಬಹುದು ಅನ್ನೋದಕ್ಕೆ ಕಾನೂನಿನ ಮಿತಿ ಇದೆ. ಬೊಕೆಯ ಗುಲಾಬಿಯನ್ನು ಯಾರೂ ತಿನ್ನೋದಿಲ್ಲ, ಹಾಗಾಗಿ ಆ ಮಿತಿ ಅದನ್ನು ಮುಟ್ಟೋದಿಲ್ಲ. ಅದನ್ನು ಕೊಯ್ಯುವ, ಮುಳ್ಳು ತೆಗೆಯುವ, ಕಟ್ಟುವ ಕೈಗಳು ಮಾತ್ರ ದಿನವಿಡೀ ಮುಟ್ಟುತ್ತಲೇ ಇರುತ್ತವೆ. ಫೆಬ್ರವರಿ 14ರ ಕಲೆಯಿಲ್ಲದ ಗುಲಾಬಿ ನೋಡಿದಾಗ ಇದೂ ನೆನಪಿರಲಿ.

ಹೊಸ ಗಿಡ ತರೋದಾದ್ರೆ

ಮೊದಲನೆಯದಾಗಿ, ಈಗ ತರಬೇಡಿ. ಜೂನ್ ಮಳೆ ಬರಲಿ. ಎರಡನೆಯದಾಗಿ, ಯಾವುದನ್ನು ತರಬೇಕು ಅಂತ ಯೋಚಿಸಿ. ಬೊಕೆಗಾಗಿ ಬೆಳೆಸುವ ತಳಿಗಳು ಪಾಲಿಹೌಸ್‌ನ ಹದಕ್ಕೆ ಒಗ್ಗಿಕೊಂಡವು, ತಾರಸಿಯ ಏಪ್ರಿಲ್ ಅವಕ್ಕೆ ಶಿಕ್ಷೆ. ಪನ್ನೀರು ಗುಲಾಬಿ, ಬಟನ್ ಗುಲಾಬಿ, ಹಳ್ಳಿಮನೆಗಳ ಮುಂದೆ ವರ್ಷಗಟ್ಟಲೆ ಯಾರ ಆರೈಕೆಯೂ ಇಲ್ಲದೆ ನಿಂತಿರುವ ನಾಟಿ ಗುಲಾಬಿ ಇವು ಹೆಚ್ಚು ಗಟ್ಟಿ. ಹೂವು ಚಿಕ್ಕದು, ಆದ್ರೆ ವಾಸನೆ ಇದೆ. ಕಡ್ಡಿಯಿಂದಲೇ ಬೇರು ಬರುತ್ತದೆ, ಅಂದ್ರೆ ದುಡ್ಡು ಕೊಡಬೇಕಾಗಿಲ್ಲ, ಕೇಳಿದರೆ ಸಾಕು.

ಬಿಸಿಲಿಗೆ ಹೊಂದುವ ಗುಲಾಬಿಯ ಬಗ್ಗೆ ನಮ್ಮಲ್ಲೇ ಗಂಭೀರವಾಗಿ ಕೆಲಸ ಮಾಡಿದವರಿದ್ದಾರೆ. ಐಎಎಸ್ ಅಧಿಕಾರಿಯಾಗಿದ್ದ ಎಂ.ಎಸ್. ವೀರರಾಘವನ್ ಅವರು ಕೊಡೈಕೆನಾಲ್‌ನಲ್ಲಿ ದಶಕಗಳ ಕಾಲ ಈ ತಳಿಗಳನ್ನು ರೂಪಿಸಿದರು. ಅವರ ವಾದ ಸರಳ: ತಣ್ಣನೆಯ ದೇಶಕ್ಕಾಗಿ ಮಾಡಿದ ಗುಲಾಬಿಯನ್ನು ಇಲ್ಲಿ ಬಲವಂತವಾಗಿ ಬೆಳೆಸುವ ಬದಲು ಇಲ್ಲಿನ ಕಾಡು ಗುಲಾಬಿಗಳಿಂದ ಹೊಸದನ್ನು ಮಾಡಬೇಕು. ಬಂಗಾಳದ ಜೌಗು ನೆಲದಲ್ಲಿ ಬೆಳೆಯುವ ರೋಸಾ ಕ್ಲೈನೋಫಿಲಾ, ಮಣಿಪುರದ ಕಡೆಯ ರೋಸಾ ಜೈಗಾಂಟಿಯಾ ಅವರು ಬಳಸಿಕೊಂಡ ಮೂಲಗಳು. ಭಾರತದಲ್ಲೂ ಕಾಡು ಗುಲಾಬಿ ಇದೆ ಅನ್ನೋದೇ ನನಗೆ ಆ ಎರಡು ಗಿಡ ಸಾಯುವವರೆಗೆ ಗೊತ್ತಿರಲಿಲ್ಲ.

ಈಗ ನನ್ನ ತಾರಸಿಯಲ್ಲಿ ಐದು ಕುಂಡಗಳಿವೆ. ನಾಲ್ಕು ಹಳೆಯವು, ಐದನೆಯದು ಓನರ್ ಆಂಟಿ ಅವರ ಊರಿಂದ ತಂದ ಪನ್ನೀರು ಗುಲಾಬಿ ಕಡ್ಡಿ. ಸಂಜೆ ಅವರ ಮನೆಯ ಅಕ್ಕಚ್ಚು ಒಂದು ಚೊಂಬು, ನಮ್ಮ ಮನೆಯ ತರಕಾರಿ ನೀರು ಅರ್ಧ ಬಕೆಟ್ ಮೇಲೆ ಬರುತ್ತದೆ. ಮಾರ್ಚ್‌ನಲ್ಲಿ ಹೂವು ಕಡಿಮೆ. ಎಲೆ ಹಸಿರಾಗಿದೆ, ಕಾಂಡ ಗಟ್ಟಿಯಾಗಿದೆ, ಅಷ್ಟು ಸಾಕು. ಕತ್ತರಿ ಡ್ರಾಯರಿನಲ್ಲಿದೆ, ಮಳೆ ಬಂದ ಮೇಲೆ ತೆಗೆದರಾಯ್ತು.